10ಕ್ಕೆ 9.4 ಎಂದರೆ ಎಷ್ಟು? ಸಿನಿಮಾ ರೇಟಿಂಗ್ ಓದುವ ಲೆಕ್ಕ

ಮೂಟೆಯ ಬಾಯಿ ಬಿಚ್ಚಿ, ಮೇಲಿನ ಒಂದು ಹಿಡಿ ಚೆರ್ರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು) ನೋಡಿ ದರ ಹೇಳುವ ಕಾಫಿ ವ್ಯಾಪಾರಿ ಚಿಕ್ಕಮಗಳೂರಿನಲ್ಲಿ ಹೆಚ್ಚು ದಿನ ಬಾಳಲಾರ. ಹತ್ತಾರು ಮೂಟೆಗೆ ಕೊಳವೆ ಚುಚ್ಚಿ, ಮೇಲಿಂದ, ನಡುವಿಂದ, ಅಡಿಯಿಂದ ಕಾಳು ತೆಗೆದು, ಬೆರೆಸಿ, ಸಿಪ್ಪೆ ಬಿಡಿಸಿ, ತೂಗಿ, ಆಮೇಲೆ ಔಟ್‌ಟರ್ನ್ ಇಷ್ಟು ಅನ್ನುತ್ತಾರೆ. 50 ಕೆ.ಜಿ. ರೊಬಸ್ಟಾ ಚೆರ್ರಿಯಲ್ಲಿ 26 ಕೆ.ಜಿ. ಬೀಜ ಸಿಕ್ಕಿದರೆ ಔಟ್‌ಟರ್ನ್ 26. ಅರ್ಧ ಕೆ.ಜಿ. ಆಚೀಚೆಯಾದರೂ ಮಾತಿಗೆ ಮಾತು ಬೆಳೆಯುತ್ತದೆ. ಇಷ್ಟು ಹುಷಾರಿನ ಜನವೇ ಶುಕ್ರವಾರ ಸಂಜೆ ಮೊಬೈಲ್ ತೆಗೆದು, 'ಹೊಸ ಪಿಕ್ಚರ್‌ಗೆ 9.4 ಇದೆ, ನಡೀರಿ' ಎಂದು ಹೊರಟುಬಿಡುತ್ತಾರೆ. ಆ 9.4 ಮೂಟೆಯ ಬಾಯಲ್ಲಿದ್ದ ಹಿಡಿ. ಅಡಿಯಲ್ಲೇನಿದೆ ಎಂಬುದು ಇನ್ನೂ ಯಾರಿಗೂ ಗೊತ್ತಿಲ್ಲ.

ಹಾಗೆಂದು ರೇಟಿಂಗ್ ಎಲ್ಲ ಮೋಸ ಎನ್ನುವುದೂ ಸೋಮಾರಿ ಮಾತೇ. ಅಂಕಿಯ ಹಿಂದಿರುವ ಮಾದರಿ ಎಲ್ಲಿಂದ ಬಂತು ಎಂದು ತಿಳಿದರೆ ಅದರಿಂದ ಬೇಕಾದಷ್ಟು ತಿಳಿಯುತ್ತದೆ. ಯಾರು ಮತ ಹಾಕಿದರು, ಯಾವಾಗ ಹಾಕಿದರು, ಎಷ್ಟು ಮಂದಿ, ಯಾವ ಅಳತೆಗೋಲಿನಲ್ಲಿ. ಕೇಳಬೇಕಾದದ್ದು ಇಷ್ಟೇ. ಉತ್ತರ ಮಾತ್ರ ಒಂದೊಂದು ಕಡೆ ಒಂದೊಂದು ಥರ.

ಮೊದಲು ಒಂದು ಗೊಂದಲ ಬಿಡಿಸಿಬಿಡೋಣ. ಪೋಸ್ಟರ್ ಮೇಲಿನ 'ಯುಎ 13+' ಕೂಡ ಕೆಲವರ ಬಾಯಲ್ಲಿ ರೇಟಿಂಗ್ ಆಗಿಬಿಡುತ್ತದೆ. ಅದು ಸೆನ್ಸಾರ್ ಮಂಡಳಿ ಕೊಡುವ ವಯಸ್ಸಿನ ಪ್ರಮಾಣಪತ್ರ. 2024ರ ನಿಯಮಗಳ ಪ್ರಕಾರ ಹಳೆಯ ಯುಎ ಒಡೆದು 7+, 13+, 16+ ಎಂದು ಮೂರಾಗಿದೆ. ಚಿತ್ರ ಚೆನ್ನಾಗಿದೆಯೋ ಇಲ್ಲವೋ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಮಕ್ಕಳನ್ನು ಕರೆದುಕೊಂಡು ಹೋಗುವವರು ನೋಡಬೇಕಾದದ್ದು ಅದನ್ನೇ, ಈ ಲೇಖನವನ್ನಲ್ಲ.

ಶೇಕಡಾ ಎಂಬ ಬಲೆ

ವಿಮರ್ಶಕರ ಅಭಿಪ್ರಾಯಗಳನ್ನು ಒಂದೆಡೆ ಕೂಡಿಸುವ ರಾಟನ್ ಟೊಮೇಟೋಸ್ ತಾಣದಲ್ಲಿ ಒಂದು ಚಿತ್ರಕ್ಕೆ 100% ಕಂಡರೆ ನೂರಕ್ಕೆ ನೂರು ಅಂಕ ಎಂದು ಓದುವವರೇ ಹೆಚ್ಚು. ಅಲ್ಲಿ ನಡೆಯುವ ಲೆಕ್ಕ ಬೇರೆ. ಪ್ರತಿ ವಿಮರ್ಶೆಯನ್ನೂ 'ಒಪ್ಪಿಗೆ' ಅಥವಾ 'ಒಪ್ಪಿಗೆಯಿಲ್ಲ' ಎಂಬ ಎರಡು ಬುಟ್ಟಿಗಳಲ್ಲಿ ಒಂದಕ್ಕೆ ಹಾಕುತ್ತಾರೆ. ಒಪ್ಪಿದವರ ಪಾಲು ಎಷ್ಟೋ ಅದೇ ಶೇಕಡಾ. 60 ಮುಟ್ಟಿದರೆ ಕೆಂಪು ಟೊಮೇಟೊ, ಇಲ್ಲದಿದ್ದರೆ ಒಡೆದು ಚೆಲ್ಲಿದ ಹಸಿರು ಟೊಮೇಟೊ.

ಇದರ ಪರಿಣಾಮ ವಿಚಿತ್ರ. ಹತ್ತು ವಿಮರ್ಶಕರು ಒಂದು ಚಿತ್ರ ನೋಡಿ, ಹತ್ತೂ ಮಂದಿ 'ಪರವಾಗಿಲ್ಲ' ಎಂದು 5ಕ್ಕೆ 3 ಕೊಟ್ಟರು ಅನ್ನಿ. ಎಲ್ಲರೂ ಒಪ್ಪಿದಂತಾಯಿತು, 100%. ಇನ್ನೊಂದು ಚಿತ್ರಕ್ಕೆ ಏಳು ಮಂದಿ ಎದ್ದು ನಿಂತು 5ಕ್ಕೆ 5 ಕೊಟ್ಟರು, ಮೂವರಿಗೆ ಹಿಡಿಸದೆ 2 ಕೊಟ್ಟರು. ಅದಕ್ಕೆ 70%. ಸರಾಸರಿ ತೆಗೆದರೆ ಮೊದಲನೆಯದು 3, ಎರಡನೆಯದು 4.1. ಶೇಕಡಾದಲ್ಲಿ ಸೋತದ್ದು ಸರಾಸರಿಯಲ್ಲಿ ದೂರದಿಂದ ಗೆದ್ದಿತು. ಎರಡೂ ಲೆಕ್ಕ ಸರಿಯೇ. 'ಹೋದರೆ ಕಾಸು ದಂಡವಾಗುತ್ತದೆಯೇ' ಎಂಬ ಪ್ರಶ್ನೆಗೆ ಶೇಕಡಾ ಉತ್ತರಿಸುತ್ತದೆ. 'ಬಹಳ ದಿನ ನೆನಪಿನಲ್ಲಿ ಉಳಿಯುವಂಥದ್ದೇ' ಎಂಬುದಕ್ಕೆ ಸರಾಸರಿ ನೋಡಬೇಕು. ಧೈರ್ಯ ಮಾಡಿ ತೆಗೆದ ಚಿತ್ರಗಳು ಶೇಕಡಾದಲ್ಲಿ ಸಾಮಾನ್ಯವಾಗಿ ಸೋಲುತ್ತವೆ, ಯಾರನ್ನೂ ನೋಯಿಸದ ಚಿತ್ರಗಳು ಗೆಲ್ಲುತ್ತವೆ.

ಅದೇ ಪುಟದಲ್ಲಿ ಪ್ರೇಕ್ಷಕರ ಅಂಕವೂ ಬೇರೆಯಾಗಿ ಇರುತ್ತದೆ. ಬಿಡುಗಡೆಗೂ ಮೊದಲೇ ಜನ ಬಂದು ಕೆಟ್ಟ ಮಾತು ಬರೆದು ಹೋಗುವುದು ಮಿತಿಮೀರಿದಾಗ, 2019ರಲ್ಲಿ ಆ ತಾಣ ಬಿಡುಗಡೆಗೆ ಮುಂಚಿನ ಅಭಿಪ್ರಾಯವನ್ನೇ ನಿಲ್ಲಿಸಿತು. ಟಿಕೆಟ್ ಕೊಂಡವರೆಂದು ಖಾತ್ರಿಯಾದವರ ಅಂಕವನ್ನು ಬೇರ್ಪಡಿಸಿ ತೋರಿಸಲು ಶುರುಮಾಡಿದ್ದೂ ಅದೇ ವರ್ಷ.

ನೆಟ್‌ಫ್ಲಿಕ್ಸ್ ಕಥೆ ಇನ್ನೊಂದು. 2017ರಲ್ಲಿ ಐದು ನಕ್ಷತ್ರ ತೆಗೆದು ಹೆಬ್ಬೆಟ್ಟು ತಂದಾಗ, ಜೊತೆಗೆ ಕಾಣಿಸುತ್ತಿದ್ದ '98% ಮ್ಯಾಚ್' ಎಂಬುದು ಯಾರೂ ಕೊಟ್ಟ ಅಂಕವಾಗಿರಲಿಲ್ಲ. ನೀವು ಹಿಂದೆ ನೋಡಿದ್ದನ್ನು ಗಮನಿಸಿ ಯಂತ್ರ ಹಾಕಿದ ಅಂದಾಜು ಅದು. ಅಣ್ಣನ ಫೋನಿನಲ್ಲಿ 98 ಇದ್ದದ್ದು ತಂಗಿಯ ಫೋನಿನಲ್ಲಿ 61 ಇರಬಹುದಿತ್ತು.

ಸರಾಸರಿ ಮುಚ್ಚಿಡುವುದು

ಇನ್ನು ಹತ್ತಕ್ಕೆ ಅಂಕ ಕೊಡುವ ಕಡೆಗೆ ಬರೋಣ. ನೂರು ಮಂದಿ ನೋಡಿದ ಚಿತ್ರವೊಂದಕ್ಕೆ 60 ಜನ 10, ಉಳಿದ 40 ಜನ 1 ಕೊಟ್ಟರು. ಒಟ್ಟು 640, ಸರಾಸರಿ 6.4. ಇನ್ನೊಂದಕ್ಕೆ 60 ಜನ 6, 40 ಜನ 7 ಕೊಟ್ಟರು. ಒಟ್ಟು ಅದೇ 640, ಸರಾಸರಿ ಅದೇ 6.4. ಒಂದು ಜಗಳದ ಚಿತ್ರ, ಇನ್ನೊಂದು ಮನೆಮಂದಿಯೆಲ್ಲ ಕೂತು ನೋಡಿ ಎದ್ದುಬರುವ ಚಿತ್ರ. ಅಂಕಿ ನೋಡಿದರೆ ಅವಳಿ ಮಕ್ಕಳು.

ಆದ್ದರಿಂದ ಪ್ರೇಕ್ಷಕರು ಹತ್ತಕ್ಕೆ ಅಂಕ ಕೊಡುವ ಐಎಂಡಿಬಿ ತಾಣದಲ್ಲಿ ನಕ್ಷತ್ರದ ಪಕ್ಕದ ಅಂಕಿ ನೋಡಿ ನಿಲ್ಲಬೇಡಿ. ಅದರ ಮೇಲೆ ಒತ್ತಿದರೆ 1ರಿಂದ 10ರವರೆಗೆ ಯಾವ ಅಂಕಕ್ಕೆ ಎಷ್ಟು ಮತ ಬಿತ್ತೆಂದು ಕಂಬಗಳ ಚಿತ್ರ ತೆರೆದುಕೊಳ್ಳುತ್ತದೆ. ಕಣ್ಣಿಟ್ಟು ನೋಡಬೇಕಾದದ್ದು ಅದರ ಆಕಾರ. ನಡುವೆ ಎಲ್ಲೋ 6, 7, 8ರ ಮೇಲೆ ಗುಡ್ಡದಂತೆ ಎದ್ದಿದ್ದರೆ ಸಹಜವಾಗಿ ಬಿದ್ದ ಮತ. 10ರ ಕಂಬ ಒಂದೇ ಮುಳ್ಳಯ್ಯನಗಿರಿಯಂತೆ ಎದ್ದು, ಉಳಿದವೆಲ್ಲ ಬಯಲಿನಂತಿದ್ದರೆ ಅಭಿಮಾನಿಗಳು ಬಂದು ಹೋಗಿದ್ದಾರೆ, ಊರಿನವರು ಇನ್ನೂ ಬಂದಿಲ್ಲ. 1ಕ್ಕೂ 10ಕ್ಕೂ ಎರಡು ಕೊಂಬು ಎದ್ದು ನಡುವೆ ಹಳ್ಳವಾಗಿದ್ದರೆ ಇಬ್ಬರು ನಟರ ಅಭಿಮಾನಿಗಳ ಕಾಳಗ, ಇಲ್ಲವೇ ಚಿತ್ರದ ಹೊರಗಿನ ಯಾವುದೋ ವಿವಾದ. ಕೊಂಬು ಕಂಡಾಗ ಎರಡು ತುದಿಯನ್ನೂ ಕೈಬಿಟ್ಟು 2ರಿಂದ 9ರ ನಡುವಿನವರದ್ದಷ್ಟೇ ಸರಾಸರಿ ತೆಗೆದು ನೋಡಿ. ಪಕ್ಕಾ ವಿಜ್ಞಾನವೇನಲ್ಲ, ಆದರೆ ಚಿತ್ರ ನೋಡಿ ಯೋಚಿಸಿ ಅಂಕ ಕೊಟ್ಟವರು ಹೆಚ್ಚಾಗಿ ಸಿಗುವುದು ಆ ನಡುವಿನಲ್ಲೇ.

ಮತ ಎಷ್ಟು ಬಿದ್ದರೆ ನಂಬಬಹುದು? ಮತಗಳು ಸಾಧಾರಣವಾಗಿ ಹರಡಿಕೊಂಡಿದ್ದರೆ, ಅಂದರೆ ಸರಾಸರಿಯಿಂದ ಎರಡೂವರೆ ಅಂಕದಷ್ಟು ಆಚೀಚೆ ಇದ್ದರೆ, 25 ಜನ ಕೊಟ್ಟ ಅಂಕದಲ್ಲಿ ಹೆಚ್ಚುಕಡಿಮೆ 1 ಅಂಕದ ಹೊಯ್ದಾಟ ಇರುತ್ತದೆ. 7.5 ಎಂದಿದ್ದರೆ 6.5 ಆಗಿರಬಹುದು, 8.5 ಕೂಡ ಆಗಿರಬಹುದು. 2,500 ಜನ ಆದಾಗ ಅದೇ ಹೊಯ್ದಾಟ 0.1ಕ್ಕೆ ಇಳಿಯುತ್ತದೆ. ಮತ ನೂರು ಪಟ್ಟಾದರೆ ತಪ್ಪು ಹತ್ತನೇ ಒಂದಾಗುತ್ತದೆ, ನೇರ ನೂರನೇ ಒಂದಲ್ಲ. ಇಲ್ಲೊಂದು ಎಚ್ಚರ: ಎಣಿಕೆ ಹೆಚ್ಚಾದರೆ ಹೋಗುವುದು ಹೊಯ್ದಾಟ ಮಾತ್ರ, ಪಕ್ಷಪಾತವಲ್ಲ. ಮೂಟೆಯ ಬಾಯಿಂದಲೇ ಸಾವಿರ ಹಿಡಿ ತೆಗೆದರೂ ಅಡಿಯ ಕರಿಗಾಳು ಕೈಗೆ ಬರುವುದಿಲ್ಲ.

ಕಡಿಮೆ ಮತದ ಈ ಸಮಸ್ಯೆಗೆ ಐಎಂಡಿಬಿ ತನ್ನ ಅಗ್ರ 250 ಪಟ್ಟಿಗೆ ಒಂದು ಉಪಾಯ ಮಾಡಿಕೊಂಡಿದೆ. ಪ್ರತಿ ಚಿತ್ರಕ್ಕೂ ಒಂದಷ್ಟು ಕಾಲ್ಪನಿಕ ಮತಗಳನ್ನು ಮೊದಲೇ ಸುರಿದಿಡುತ್ತಾರೆ. ಆ ಕಾಲ್ಪನಿಕ ಮತದಾರರೆಲ್ಲ ಎಲ್ಲ ಚಿತ್ರಗಳ ಸರಾಸರಿಯನ್ನೇ ಕೊಟ್ಟರು ಎಂದು ಇಟ್ಟುಕೊಂಡು ಲೆಕ್ಕ. ಸುಲಭದ ಅಂಕಿಗಳಲ್ಲಿ ನೋಡೋಣ. ಕಾಲ್ಪನಿಕ ಮತ 1,000, ಎಲ್ಲ ಚಿತ್ರಗಳ ಸರಾಸರಿ 6.5 ಇರಲಿ. 200 ಜನ 9.2 ಕೊಟ್ಟ ಚಿತ್ರಕ್ಕೆ: 200 × 9.2 = 1,840, ಅದಕ್ಕೆ 1,000 × 6.5 = 6,500 ಸೇರಿಸಿ 1,200ರಿಂದ ಭಾಗಿಸಿದರೆ 6.95. 20,000 ಜನ 8.4 ಕೊಟ್ಟ ಚಿತ್ರಕ್ಕೆ ಅದೇ ಲೆಕ್ಕ ಹಾಕಿದರೆ 8.3. ಮೊದಲನೆಯದು ಧೊಪ್ಪನೆ ಬಿತ್ತು, ಎರಡನೆಯದು ಅಲುಗಲೇ ಇಲ್ಲ. ಪಟ್ಟಿಗೆ ಇದು ನ್ಯಾಯ. ಆದರೆ ತೇಜಸ್ವಿಯವರ ಕಥೆಯ ಮೇಲೆ ಗಿರೀಶ ಕಾಸರವಳ್ಳಿ ಮಾಡಿದ, 1986ರ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆದ 'ತಬರನ ಕಥೆ'ಯಂಥ ಚಿತ್ರಕ್ಕೆ ಜಗತ್ತಿನಾದ್ಯಂತ ಮತ ಹಾಕುವವರು ಎಷ್ಟು ಮಂದಿ? ಇಂಥ ಚಿತ್ರಗಳನ್ನು ಈ ಸೂತ್ರ ಸರಾಸರಿಯ ಕಡೆಗೆ ಎಳೆಯುತ್ತಲೇ ಇರುತ್ತದೆ. ಪಟ್ಟಿಯಲ್ಲಿ ಇಲ್ಲ ಎಂದಾಕ್ಷಣ ಯೋಗ್ಯತೆ ಇಲ್ಲವೆಂದಲ್ಲ, ಮತ ಇಲ್ಲವೆಂದು ಅರ್ಥ.

ಪ್ರತಿ ಚಿತ್ರದ ಪುಟದಲ್ಲಿ ಕಾಣುವ ಸಾಮಾನ್ಯ ಅಂಕಿ ಕೂಡ ಐಎಂಡಿಬಿಯಲ್ಲಿ ಶುದ್ಧ ಸರಾಸರಿಯಲ್ಲ. ಎಲ್ಲ ಮತಕ್ಕೂ ಒಂದೇ ತೂಕ ಕೊಡುವುದಿಲ್ಲ, ಅನುಮಾನ ಹುಟ್ಟಿಸುವ ಮತಗಳ ತೂಕ ಇಳಿಯುತ್ತದೆ. ಎಷ್ಟು, ಹೇಗೆ ಎಂಬುದನ್ನು ಬೇಕೆಂದೇ ಗುಟ್ಟಾಗಿ ಇಟ್ಟಿದ್ದಾರೆ. ಹೇಳಿಬಿಟ್ಟರೆ ಮರುದಿನವೇ ಅದನ್ನು ಮುರಿಯುವ ದಾರಿ ಹುಡುಕುವವರು ಇದ್ದಾರಲ್ಲ.

ಶುಕ್ರವಾರದ 9.4, ಸೋಮವಾರದ 8.5

ಟಿಕೆಟ್ ಆ್ಯಪ್‌ನಲ್ಲಿ ಕಾಣುವ ಅಂಕ ನಮ್ಮ ಕಡೆ ಎಲ್ಲರೂ ಮೊದಲು ನೋಡುವುದು. ಅದರ ಸಮಸ್ಯೆ ಸಮಯದ್ದು. ಬೆಳಗಿನ ಫ್ಯಾನ್ಸ್ ಶೋಗೆ, ಹಿಂದಿನ ರಾತ್ರಿಯ ಪೇಯ್ಡ್ ಪ್ರೀಮಿಯರ್‌ಗೆ ಹೋಗುವವರು ಯಾರು? ಹೀರೋನ ಕಟೌಟ್‌ಗೆ ಹಾಲು ಹೊಯ್ಯುವವರು, ಚಿತ್ರತಂಡದ ಸ್ನೇಹಿತರು, ಟ್ರೇಲರ್ ನೋಡಿ ಆಗಲೇ ಸೋತವರು. ಅವರು ಸುಳ್ಳು ಹೇಳುತ್ತಿಲ್ಲ, ನಿಜಕ್ಕೂ ಅವರಿಗೆ 10 ಅನ್ನಿಸಿರುತ್ತದೆ. ಆದರೆ ಭಾನುವಾರ ಕಡೂರಿನಿಂದಲೋ ಮೂಡಿಗೆರೆಯಿಂದಲೋ ಸಂಸಾರ ಸಮೇತ ಬರುವವರ ಅಭಿಪ್ರಾಯ ಅದರಲ್ಲಿ ಇಲ್ಲ.

ಇನ್ನೂ ಒಂದು ತೊಡಕು. ಆ್ಯಪ್ ತೋರಿಸುವುದು ಮೊದಲ ಮತದಿಂದ ಇವತ್ತಿನವರೆಗಿನ ಒಟ್ಟು ಸರಾಸರಿ. ಕೆರೆಗೆ ಒಂದು ಕೊಡ ಕೆಸರು ಸುರಿದರೂ ನೀರಿನ ಬಣ್ಣ ತಕ್ಷಣ ಬದಲಾಗುವುದಿಲ್ಲ. ಹೊಸಬರು ಕಡಿಮೆ ಕೊಡುತ್ತಿದ್ದರೂ ಹಳೆಯ ಹತ್ತುಗಳು ಅಂಕಿಯನ್ನು ಎತ್ತಿ ಹಿಡಿದಿರುತ್ತವೆ. ಹೊಸಬರನ್ನಷ್ಟೇ ಬೇರ್ಪಡಿಸಿ ನೋಡಲು ಒಂದು ಸರಳ ಲೆಕ್ಕವಿದೆ, ಎರಡು ದಿನದ ಅಂಕಿ ಬರೆದಿಟ್ಟುಕೊಂಡರೆ ಸಾಕು.

ಶುಕ್ರವಾರ ರಾತ್ರಿ 1,000 ಮತ, ಅಂಕ 9.4 ಅನ್ನಿ. ಎರಡನ್ನೂ ಗುಣಿಸಿದರೆ 9,400. ಸೋಮವಾರ ಬೆಳಿಗ್ಗೆ 4,000 ಮತ, ಅಂಕ 8.5. ಗುಣಿಸಿದರೆ 34,000. ಎರಡರ ವ್ಯತ್ಯಾಸ 24,600. ಈ ನಡುವೆ ಬಂದ ಹೊಸ ಮತ 3,000. ಭಾಗಿಸಿ, 8.2. ಶನಿವಾರ, ಭಾನುವಾರ ನೋಡಿದವರ ಅಂಕ ಅದು. ಮುಂದಿನ ಭಾನುವಾರ 6,000 ಮತ, ಅಂಕ 8.0 ಆಗಿದ್ದರೆ ಒಟ್ಟು 48,000. ಅದರಲ್ಲಿ 34,000 ಕಳೆದರೆ 14,000, ಹೊಸ ಮತ 2,000, ಅಂದರೆ 7.0. ಆ್ಯಪ್ ಇನ್ನೂ '8.0' ಎಂದು ಬೀಗುತ್ತಿದೆ, ವಾರದಲ್ಲಿ ಹೋದವರು ಕೊಟ್ಟದ್ದು 7. ಎರಡನೇ ವಾರ ಟಿಕೆಟ್ ತೆಗೆಯುವವರು ನಂಬಬೇಕಾದದ್ದು ಈ 7ನ್ನು.

ಈ ಲೆಕ್ಕ ಎಲ್ಲಿ ಕೈಕೊಡುತ್ತದೆ? ಆ್ಯಪ್‌ಗಳು ಮತದ ಎಣಿಕೆಯನ್ನೂ ಅಂಕವನ್ನೂ ದುಂಡಾಗಿಸಿ ತೋರಿಸುತ್ತವೆ. 4,000 ಎಂದು ಕಂಡದ್ದು 4,040 ಇರಬಹುದು, 8.5 ಎಂದದ್ದು 8.46 ಇರಬಹುದು. ಹೊಸ ಮತ ಸ್ವಲ್ಪವೇ ಇದ್ದಾಗ ಈ ಚೂರುಪಾರು ತಪ್ಪೇ ಉತ್ತರವನ್ನು ನುಂಗಿಹಾಕುತ್ತದೆ. ಆದ್ದರಿಂದ ಮತಗಳು ಅರ್ಧದಷ್ಟಾದರೂ ಹೆಚ್ಚುವವರೆಗೆ ಕಾಯಿರಿ. ತೂಕ ಹಾಕಿ ಅಂಕ ತೆಗೆಯುವ ಐಎಂಡಿಬಿಯಂಥ ಕಡೆ ಇದು ಅಂದಾಜಿಗೆ ಮಾತ್ರ.

ಆ್ಯಪ್ ಅಂಕದಲ್ಲಿ ಇನ್ನೊಂದು ಕೊರತೆ ನಮ್ಮಂಥ ಊರುಗಳಿಗೆ ಹೆಚ್ಚು ತಟ್ಟುತ್ತದೆ. ಸಿಂಗಲ್ ಸ್ಕ್ರೀನ್‌ನ ಕೌಂಟರ್‌ನಲ್ಲಿ ನಿಂತು ಟಿಕೆಟ್ ತೆಗೆಯುವವರು ಆ್ಯಪ್‌ನಲ್ಲಿ ಅಂಕ ಕೊಡುವುದು ಅಪರೂಪ. ಅಂಕದ ಬಹುಪಾಲು ಆನ್‌ಲೈನ್‌ನಲ್ಲೇ ಟಿಕೆಟ್ ತೆಗೆಯುವ ದೊಡ್ಡ ಊರಿನವರದ್ದು ಎಂದೇ ಇಟ್ಟುಕೊಳ್ಳಿ. ಬೆಂಗಳೂರಿನ ಮಾಲ್‌ನಲ್ಲಿ ಕೂತವರಿಗೆ ನಗು ತರಿಸಿದ್ದು ಇಲ್ಲಿ ತಣ್ಣಗಿರಬಹುದು, ಅವರಿಗೆ ಲ್ಯಾಗ್ ಅನ್ನಿಸಿದ ಮಲೆನಾಡಿನ ಮಳೆಯ ದೃಶ್ಯ ಇಲ್ಲಿಯವರಿಗೆ ಮನೆಯಂಗಳ ಅನ್ನಿಸಬಹುದು. ವಿಮರ್ಶೆ ಬರೆದವರ ಹೆಸರಿನ ಕೆಳಗೆ ಟಿಕೆಟ್ ಅಲ್ಲಿಯೇ ಕೊಂಡವರೆಂಬ ಗುರುತು ಇದೆಯೇ ನೋಡಿ, ಇದ್ದವರದ್ದನ್ನು ಮೊದಲು ಓದಿ. ಇತ್ತೀಚೆಗೆ ಕೆಲವು ಕನ್ನಡ ಚಿತ್ರಗಳ ಪುಟದಲ್ಲಿ ನ್ಯಾಯಾಲಯದ ಆದೇಶದಂತೆ ರೇಟಿಂಗ್ ಮತ್ತು ವಿಮರ್ಶೆ ನಿಲ್ಲಿಸಲಾಗಿದೆ ಎಂಬ ಸೂಚನೆ ಕಾಣುತ್ತದೆ. ಬೇಕೆಂದೇ ಹಾಕುವ ಕೆಟ್ಟ ಅಂಕಗಳನ್ನು ತಡೆಯಲು ನಿರ್ಮಾಪಕರು ಹಿಡಿದ ದಾರಿ ಅದು. ಅಂಕ ಕಾಣದಿದ್ದರೆ ಚಿತ್ರ ಕೆಟ್ಟದ್ದೆಂದೂ ಅಲ್ಲ, ಒಳ್ಳೆಯದೆಂದೂ ಅಲ್ಲ.

ಕಾಸು ಕೊಟ್ಟು ಬರೆಸಿದ ವಿಮರ್ಶೆ ಹಿಡಿಯುವುದು ಅಷ್ಟೇನೂ ಕಷ್ಟವಿಲ್ಲ. ಒಂದೇ ಗಂಟೆಯಲ್ಲಿ ಸಾಲಾಗಿ ಬಂದಿರುತ್ತವೆ, ಒಂದೇ ಪದಗಳು ಸುತ್ತಿ ಸುತ್ತಿ ಬರುತ್ತವೆ, ಎಲ್ಲ ವಿಭಾಗಗಳ ಹೆಸರೂ ಇರುತ್ತದೆ (ಕಥೆ ಸೂಪರ್, ಸಂಗೀತ ಸೂಪರ್, ಛಾಯಾಗ್ರಹಣ ಸೂಪರ್), ಒಂದು ದೃಶ್ಯದ ಹೆಸರೂ ಇರುವುದಿಲ್ಲ. ನಿಜವಾಗಿ ನೋಡಿದವರು ಹೊಗಳುವಾಗಲೂ ಯಾವುದೋ ಒಂದು ಸಣ್ಣ ವಿಷಯಕ್ಕೆ ಗೊಣಗಿರುತ್ತಾರೆ.

ಅಂಕಕ್ಕಿಂತ ಗಟ್ಟಿಯಾದ ಸಾಕ್ಷಿ ಬೇಕಿದ್ದರೆ ಮಂಗಳವಾರ ಮ್ಯಾಟಿನಿಯ ಸೀಟ್ ನಕ್ಷೆ ತೆರೆದು ನೋಡಿ. ರಜೆಯೂ ಇಲ್ಲ, ಜಾತ್ರೆಯೂ ಇಲ್ಲ, ಆದರೂ ಅರ್ಧ ತುಂಬಿದ್ದರೆ ಬಾಯಿಮಾತು ಕೆಲಸ ಮಾಡುತ್ತಿದೆ. ಎರಡನೇ ವಾರ ಊರಿನ ಶೋ ನಾಲ್ಕರಿಂದ ಒಂದಕ್ಕೆ ಇಳಿದರೆ ಚಿತ್ರ ಸೋತಿತೆಂದು ಅವಸರಪಡಬೇಡಿ. ದೊಡ್ಡ ಚಿತ್ರವೊಂದು ಬಂದು ಪರದೆ ಕಿತ್ತುಕೊಂಡಿರಬಹುದು. ಆ ಒಂದು ಶೋ ತುಂಬುತ್ತಿದೆಯೇ ಎಂಬುದೇ ಪ್ರಶ್ನೆ.

ಥಿಯೇಟರ್‌ನ ತಪ್ಪು, ಚಿತ್ರಕ್ಕೆ ಶಿಕ್ಷೆ

'ಡೈಲಾಗ್ ಏನೂ ಕೇಳಿಸಲ್ಲ, ಪೂರ್ತಿ ಕತ್ತಲು, 4/10.' ಇಂಥ ಅಭಿಪ್ರಾಯ ಪ್ರತಿ ವಾರ ಕಣ್ಣಿಗೆ ಬೀಳುತ್ತದೆ. ಇದರಲ್ಲಿ ಚಿತ್ರದ ಪಾಲೆಷ್ಟು, ಸಭಾಂಗಣದ ಪಾಲೆಷ್ಟು?

ಬೆಳಕಿನಿಂದ ಶುರುಮಾಡೋಣ. ಡಿಜಿಟಲ್ ಸಿನಿಮಾದ ಮಾನದಂಡದ ಪ್ರಕಾರ ಪರದೆಯ ಮೇಲಿನ ಅಚ್ಚ ಬಿಳುಪು 48 ನಿಟ್ಸ್ (ಬೆಳಕಿನ ಪ್ರಖರತೆಯ ಅಳತೆ) ಇರಬೇಕು. ಹಳೆಯ ಲೆಕ್ಕದಲ್ಲಿ 14 ಫುಟ್‌ಲ್ಯಾಂಬರ್ಟ್. ಮೊಬೈಲ್ ಪರದೆ ನೂರಾರು ನಿಟ್ಸ್ ಚೆಲ್ಲುತ್ತದೆ, ಅಂದರೆ ಸಿನಿಮಾ ಬೆಳಕು ಮೊದಲೇ ಸಣ್ಣದು. ಪ್ರೊಜೆಕ್ಟರ್‌ನ ಜೆನಾನ್ ದೀಪ ಗಂಟೆ ಕಳೆದಂತೆ ಮಂಕಾಗುತ್ತದೆ. ಬದಲಿಸುವ ಖರ್ಚು ಉಳಿಸಲು ಇನ್ನೊಂದು ತಿಂಗಳು ಎಳೆದರೆ ಬಿಳುಪು ಅರ್ಧಕ್ಕೆ ಇಳಿದರೂ ಆಶ್ಚರ್ಯವಿಲ್ಲ. ಹಗಲಿನ ದೃಶ್ಯದಲ್ಲಿ ಯಾರಿಗೂ ಗೊತ್ತಾಗುವುದಿಲ್ಲ, ರಾತ್ರಿಯ ಕಾಡಿನ ದೃಶ್ಯ ಬಂದಾಗ ಪರದೆ ಮಸಿಯ ತಟ್ಟೆ. ಪ್ರೊಜೆಕ್ಟರ್ ಕೋಣೆಯ ಕಿಟಕಿ ಗಾಜಿನ ಧೂಳು ಅದರ ಮೇಲೊಂದು ಪದರ. 3ಡಿ ಕನ್ನಡಕ ಹಾಕಿದರೆ ಕಣ್ಣಿಗೆ ತಲುಪುವ ಬೆಳಕು ಇನ್ನೂ ಕುಗ್ಗುತ್ತದೆ. ಛಾಯಾಗ್ರಾಹಕರನ್ನು ಬೈಯುವ ಮೊದಲು ಒಂದು ಪರೀಕ್ಷೆ ಮಾಡಿ: ಚಿತ್ರಕ್ಕೂ ಮುಂಚಿನ ಜಾಹೀರಾತು, ಟ್ರೇಲರ್‌ಗಳಲ್ಲಿ ಬಿಳಿ ಬಣ್ಣ ಬೂದಿಯಂತೆ ಅಥವಾ ಹಳದಿಯಂತೆ ಕಂಡಿತೇ? ಕಂಡಿದ್ದರೆ ದೋಷ ದೀಪದ್ದು.

ಶಬ್ದದ ಕಥೆ ಇನ್ನೂ ದೊಡ್ಡದು. ಮಾತುಗಳು ಬಹುತೇಕ ಪರದೆಯ ಹಿಂದಿನ ನಡುವಿನ ಸ್ಪೀಕರ್‌ನಿಂದ ಬರುತ್ತವೆ, ಸಂಗೀತ ಎಡಬಲದಿಂದ ಮತ್ತು ಸುತ್ತಲಿನಿಂದ. ನಡುವಿನ ಸ್ಪೀಕರ್‌ನ ಒಂದು ಭಾಗ ಸುಟ್ಟಿದ್ದರೆ ಹಾಡು ಕಿವಿಗೆ ಅಪ್ಪಳಿಸುತ್ತದೆ, ಮಾತು ಹೊದ್ದುಕೊಂಡು ಮಲಗಿರುತ್ತದೆ. ಎರಡನೆಯ ಕಾರಣ ವಾಲ್ಯೂಮ್. ಥಿಯೇಟರ್‌ನ ಶಬ್ದ ನಿಯಂತ್ರಿಸುವ ಡಾಲ್ಬಿ ಯಂತ್ರದಲ್ಲಿ 7 ಎಂಬ ಅಂಕಿಗೆ ಇಟ್ಟುಕೊಂಡು ಮಿಶ್ರಣ ಮಾಡಿದ ಚಿತ್ರವನ್ನು, 'ಸೌಂಡ್ ಜಾಸ್ತಿ' ಎಂದು ಯಾರೋ ದೂರಿದ್ದಕ್ಕೆ 5ಕ್ಕೋ 4.5ಕ್ಕೋ ಇಳಿಸಿ ಹಾಕುತ್ತಾರೆ. ಸ್ಫೋಟ ಹಿತವಾಗುತ್ತದೆ, ಪಿಸುಮಾತು ಮಾಯವಾಗುತ್ತದೆ. ಇಲ್ಲಿ ಪರೀಕ್ಷೆ ಹೀಗೆ: ಹಾಡು, ಮಾತು ಎರಡೂ ಸಣ್ಣಗಿದ್ದರೆ ವಾಲ್ಯೂಮ್ ಇಳಿದಿದೆ, ಇಂಟರ್‌ವಲ್‌ನಲ್ಲಿ ಹೋಗಿ ಕೇಳಿದರೆ ಎತ್ತುತ್ತಾರೆ. ಹಾಡು ಜೋರಾಗಿದ್ದು ಮಾತು ಮಾತ್ರ ಮಸುಕಾಗಿದ್ದರೆ ಸ್ಪೀಕರ್ ನೋಡಬೇಕು. ಹಾಡು, ಟ್ರೇಲರ್‌ಗಳ ಮಾತು ಎಲ್ಲ ಸ್ಪಷ್ಟವಿದ್ದು ಈ ಚಿತ್ರದ ಮಾತಷ್ಟೇ ಹಿನ್ನೆಲೆ ಸಂಗೀತದಲ್ಲಿ ಮುಳುಗಿದ್ದರೆ ಆಗ ಧಾರಾಳವಾಗಿ ಮಿಶ್ರಣ ಮಾಡಿದವರ ಅಂಕ ಕತ್ತರಿಸಿ. ಕೂರುವ ಜಾಗವೂ ಲೆಕ್ಕಕ್ಕೆ ಬರುತ್ತದೆ. ಪರದೆಯಿಂದ ಹಿಂದಕ್ಕೆ ಮೂರನೇ ಎರಡು ಭಾಗ ಬಂದು ಮಧ್ಯದಲ್ಲಿ ಕೂತರೆ ಶಬ್ದವನ್ನು ಹೊಂದಿಸಿದ ಜಾಗದ ಹತ್ತಿರ ಇರುತ್ತೀರಿ. ಗೋಡೆಯ ಪಕ್ಕ ಕೂತವರು ಗೋಡೆಯ ಸ್ಪೀಕರ್‌ಗೆ ಅಂಕ ಕೊಟ್ಟುಬರುತ್ತಾರೆ.

ಇನ್ನು ಜೂನ್ ಬಂತೆಂದರೆ ಮಲೆನಾಡಿಗೆ ಮಾತ್ರ ಇರುವ ಒಂದು ಕಾಟ. ಶೀಟ್ ಹೊದಿಸಿದ ಚಾವಣಿಯ ಮೇಲೆ ಮಳೆ ಹೊಡೆಯುವಾಗ ಮೌನದ ದೃಶ್ಯ ಎಂಬುದೇ ಇರುವುದಿಲ್ಲ. ಹೊಡೆದಾಟದ ಚಿತ್ರ ಹೇಗೋ ಬಚಾವಾಗುತ್ತದೆ. ನಿಧಾನದ, ಮೆಲುದನಿಯ ಚಿತ್ರಕ್ಕೆ ಆಷಾಢದಲ್ಲಿ ಇಲ್ಲಿ ಸಿಗುವ ಅಂಕ ಅದಕ್ಕೆ ಸಲ್ಲಬೇಕಾದ್ದಕ್ಕಿಂತ ಕಡಿಮೆಯೇ. ಕರೆಂಟ್ ಹೋಗಿ ಜನರೇಟರ್ ಹತ್ತುವ ನಡುವೆ ಕಡಿದುಹೋದ ಲಯವೂ ಲೆಕ್ಕಕ್ಕೆ ಬರಬೇಕು. ಇಂಟರ್‌ವಲ್ ಇಲ್ಲದೆ ಮಾಡಿದ ಹೊರದೇಶದ ಚಿತ್ರವನ್ನು ಇಲ್ಲಿ ಅರ್ಧಕ್ಕೆ ಕತ್ತರಿಸುವುದರಿಂದ 'ಸೆಕೆಂಡ್ ಹಾಫ್ ವೀಕ್' ಎಂಬ ಮಾತಿಗೆ ಅಂಥ ಚಿತ್ರಗಳಲ್ಲಿ ಅರ್ಥವೇ ಇಲ್ಲ.

ಡಬ್ಬಿಂಗ್ ಆದ ಚಿತ್ರದ್ದು ಮತ್ತೊಂದು ಪೇಚು. ಐಎಂಡಿಬಿಯಲ್ಲಿ ಐದು ಭಾಷೆಯಲ್ಲಿ ಬಂದ ಚಿತ್ರಕ್ಕೂ ಪುಟ ಒಂದೇ, ಅಂಕ ಒಂದೇ. ಕನ್ನಡದ ಧ್ವನಿ ಬಾಯಿಗೆ ಕೂತಿದೆಯೇ, ಮಾತು ಕನ್ನಡದಂತಿದೆಯೇ ಎಂಬುದನ್ನು ಅದು ಹೇಳಲಾರದು. ಅದನ್ನು ಕನ್ನಡದಲ್ಲೇ ನೋಡಿದವರನ್ನು ಕೇಳಬೇಕು.

ನಿಮ್ಮ ಅಂಕ

ಕಾಫಿ ರುಚಿ ನೋಡುವವರಲ್ಲಿ ಒಂದು ಶಿಸ್ತಿದೆ. 150 ಮಿ.ಲೀ. ನೀರಿಗೆ 8.25 ಗ್ರಾಂ ಪುಡಿ, ನೀರು ಸುಮಾರು 93 ಡಿಗ್ರಿ, ನಾಲ್ಕು ನಿಮಿಷ ಬಿಟ್ಟು ಮೇಲಿನ ಪದರ ಒಡೆಯುವುದು, ಒಂದೇ ಮಾದರಿಯ ಐದು ಬಟ್ಟಲು. ಬಿಸಿಯಿದ್ದಾಗ ಒಮ್ಮೆ, ಉಗುರುಬೆಚ್ಚಗಾದಾಗ ಒಮ್ಮೆ, ಆರಿದ ಮೇಲೆ ಮತ್ತೊಮ್ಮೆ ರುಚಿ ನೋಡುತ್ತಾರೆ. ಬಿಸಿಯಲ್ಲಿ ಅಡಗಿದ್ದ ಕೆಟ್ಟ ರುಚಿ ಆರಿದಾಗ ನಾಲಿಗೆಗೆ ಸಿಗುತ್ತದೆ. ಸಿನಿಮಾಕ್ಕೂ ಇದೇ. ಕ್ಲೈಮ್ಯಾಕ್ಸ್‌ನ ಹಿನ್ನೆಲೆ ಸಂಗೀತ ಕಿವಿಯಲ್ಲಿ ಇರುವಾಗಲೇ, ಪಾರ್ಕಿಂಗ್‌ನಲ್ಲಿ ಬೈಕ್ ತೆಗೆಯುತ್ತಾ ಒತ್ತಿದ ಅಂಕ ಸಾಮಾನ್ಯವಾಗಿ ಒಂದು ಅಂಕ ಹೆಚ್ಚು. ಕೊನೆ ಕೆಟ್ಟಿದ್ದರೆ ಒಂದೂವರೆ ಕಡಿಮೆ. ಮರುದಿನ ಬೆಳಿಗ್ಗೆ ಕೊಡಿ.

ಅಳತೆಗೋಲಿನ ವಿಷಯದಲ್ಲೂ ಕಾಫಿಯವರ ಅಂಕದ ಹಾಳೆ ಪಾಠ ಹೇಳುತ್ತದೆ. ಅಮೆರಿಕದ ಸ್ಪೆಷಾಲಿಟಿ ಕಾಫಿ ಸಂಘ ಬಹುಕಾಲ ಬಳಸಿದ ಹಾಳೆಯಲ್ಲಿ ಹತ್ತು ಗುಣ, ಒಂದೊಂದಕ್ಕೆ ಹತ್ತು ಅಂಕ, ಒಟ್ಟು ನೂರು, 80 ಮುಟ್ಟಿದರೆ ಸ್ಪೆಷಾಲಿಟಿ. ಕೇಳಲು ಉದಾರ. ಆದರೆ ಪರಿಮಳ, ರುಚಿಯಂಥ ಗುಣಗಳಿಗೆ ಅಂಕ ಶುರುವಾಗುವುದೇ 6ರಿಂದ, ಏರುವುದು ಕಾಲು ಕಾಲು ಅಂಕ. ಪತ್ರಿಕೆಗಳ ಐದು ನಕ್ಷತ್ರವೂ ಹಾಗೆಯೇ. ಕಾಗದದ ಮೇಲೆ 0ಯಿಂದ 5, ಬಳಕೆಯಲ್ಲಿ 2ರಿಂದ 4. ಅಲ್ಲಿ 2.5 ಎಂದರೆ 'ಬೇಡ' ಎಂಬುದರ ಸಭ್ಯ ರೂಪ, 3 ಎಂದರೆ 'ನೋಡಬಹುದು'. ಅದನ್ನು ಶೇಕಡಾ 50, ಶೇಕಡಾ 60 ಎಂದು ಪರೀಕ್ಷೆಯ ಅಂಕದಂತೆ ಓದಿದರೆ ದಾರಿ ತಪ್ಪುತ್ತೀರಿ.

ಸ್ನೇಹಿತರ ಅಂಕಕ್ಕೂ ತಕ್ಕಡಿ ಸರಿಮಾಡಿಕೊಳ್ಳಬೇಕು. ಒಬ್ಬರ ಕಳೆದ ಇಪ್ಪತ್ತು ಚಿತ್ರಗಳ ಅಂಕ ಕೂಡಿಸಿ ಇಪ್ಪತ್ತರಿಂದ ಭಾಗಿಸಿ. ಸರಾಸರಿ 8.2 ಬರುವವರು ಒಂದು ಚಿತ್ರಕ್ಕೆ 8 ಕೊಟ್ಟರೆ ಅದು ಅವರ ಲೆಕ್ಕದಲ್ಲಿ ಸಪ್ಪೆ. ಸರಾಸರಿ 5.5 ಇರುವ ಜಿಪುಣರು 7 ಕೊಟ್ಟರೆ ಅದೇ ರಾತ್ರಿ ಟಿಕೆಟ್ ತೆಗೆಯಿರಿ. ಅರ್ಧರ್ಧ ನಕ್ಷತ್ರದ ಲೆಟರ್‌ಬಾಕ್ಸ್‌ಡ್‌ನಂಥ ಸಿನಿಮಾ ದಿನಚರಿ ತಾಣದಲ್ಲಿ ಒಬ್ಬೊಬ್ಬರ ಅಂಕಗಳೂ ಕಂಬಗಳಾಗಿ ಕಾಣುವುದರಿಂದ ಈ ಕೆಲಸ ಸುಲಭ.

ಕಥೆಗೆ ಇಷ್ಟು, ನಟನೆಗೆ ಇಷ್ಟು, ಸಂಗೀತಕ್ಕೆ ಇಷ್ಟು ಎಂದು ಬಿಡಿ ಅಂಕ ಕೊಟ್ಟು ಕೂಡಿಸುವುದು ನ್ಯಾಯವಾಗಿ ಕಂಡರೂ ಸಿನಿಮಾಕ್ಕೆ ಒಗ್ಗುವುದಿಲ್ಲ. ಸಾರಿಗೆ ಉಪ್ಪು ಜಾಸ್ತಿಯಾದರೆ ಒಗ್ಗರಣೆಯ ಅಂಕ ಕೂಡಿಸಿ ಸರಿದೂಗಿಸಲಾಗದು. ಒಟ್ಟಾರೆ ಒಂದು ಅಂಕ ಮೊದಲು ಬರೆದಿಡಿ, ಬಿಡಿ ಅಂಶಗಳು ಅದಕ್ಕೆ ಕಾರಣ ಹೇಳಲಿ. ಕಾರಣ ಹೇಳುವಾಗ 'ಲ್ಯಾಗ್' ಎಂಬ ಒಂದು ಪದಕ್ಕೆ ಜೋತುಬೀಳುವುದು ನಮ್ಮೆಲ್ಲರ ಚಾಳಿ. ಅದರೊಳಗೆ ಮೂರು ಬೇರೆ ಬೇರೆ ರೋಗಗಳಿವೆ. ದೃಶ್ಯ ಮುಗಿದ ಮೇಲೂ ಕತ್ತರಿ ಬೀಳದಿರುವುದು ಸಂಕಲನದ ದೋಷ. ಗೊತ್ತಾದದ್ದನ್ನೇ ಮತ್ತೆ ಹೇಳುವುದು ಚಿತ್ರಕಥೆಯ ದೋಷ. ಮುಂದೇನಾದರೂ ನಮಗೇನು ಅನ್ನಿಸುವುದು ಪಾತ್ರದ ದೋಷ. ಯಾವುದೆಂದು ಹೇಳಿದರೆ ಓದುವವರು ತಮಗೆ ಅದು ತಡೆಯುತ್ತದೋ ಇಲ್ಲವೋ ಎಂದು ತಾವೇ ತೀರ್ಮಾನಿಸಿಕೊಳ್ಳುತ್ತಾರೆ. 'ಒನ್ ಟೈಮ್ ವಾಚ್' ಅಂತೂ ಅಭಿಪ್ರಾಯವೇ ಅಲ್ಲ. ಹೆಚ್ಚಿನ ಚಿತ್ರಗಳನ್ನು ಜನ ನೋಡುವುದೇ ಒಂದು ಸಲ.

ಗುಂಪಿನಲ್ಲಿ ಹಂಚಿಕೊಳ್ಳುವ ಅಭಿಪ್ರಾಯ ನಾಲ್ಕು ಸಾಲಿನದ್ದಾದರೂ ಮಾದರಿ ಎಲ್ಲಿಂದ ತೆಗೆದದ್ದೆಂದು ಗೊತ್ತಾಗುವಂತಿರಲಿ. ಉದಾಹರಣೆಗೆ: 'ಕನ್ನಡ ಡಬ್ಬಿಂಗ್, ಎರಡನೇ ಭಾನುವಾರ ಫಸ್ಟ್ ಶೋ, ಮುಕ್ಕಾಲು ಭರ್ತಿ, ಹೊರಗೆ ಜೋರು ಮಳೆ. ನನ್ನ ಸರಾಸರಿ 6, ಇದಕ್ಕೆ 7. ತುಟಿಗೂ ಮಾತಿಗೂ ಹೊಂದಿಲ್ಲ, ಆದರೆ ಮಾತು ಮನೆಯ ಕನ್ನಡ. ಇಂಟರ್‌ವಲ್ ಆದ ಮೇಲೆ ಇಪ್ಪತ್ತು ನಿಮಿಷ ಗೊತ್ತಿದ್ದನ್ನೇ ಹೇಳುತ್ತಾರೆ. ರಾತ್ರಿಯ ದೃಶ್ಯಗಳು ಮಸುಕು, ಟ್ರೇಲರ್ ಕೂಡ ಮಸುಕಿತ್ತು, ಅದಕ್ಕೆ ಅಂಕ ಕಳೆದಿಲ್ಲ.'